ಸುಣ್ಣವ್ವ ಎದ್ದುಹೋದ ವರ್ಷ

ಕಳೆದ ತಿಂಗಳು ಮೂಡಲಗಿಯಲ್ಲಿ ನಮ್ಮಣ್ಣನ ಮನೆಗೆ ಸುಣ್ಣ ಹಚ್ಚುತ್ತಿದ್ದರು. ಊರೆಲ್ಲ ಡಬ್ಬಿಯ ಬಣ್ಣಕ್ಕೆ ತಿರುಗಿದ್ದರೂ ಹಿತ್ತಲಿನ ಗೋಡೆಗೆ ಸುಣ್ಣವೇ ಆಗಬೇಕು ಎನ್ನುವ ಹಟಮಾರಿ ನಮ್ಮಣ್ಣ. ಹಳೆಯ ಹಂಡೆಯಲ್ಲಿ ಕಲ್ಲುಸುಣ್ಣ ಹಾಕಿ ನೀರು ಹೊಯ್ದರು. ಅದು ಕೊತಕೊತ ಕುದಿದು, ಬಿಸಿ ಹಬೆಯ ಜೊತೆ ಗಂಟಲು ಹಿಡಿಯುವ ಆ ವಾಸನೆ ಎದ್ದದ್ದೇ ತಡ, ನಾನು ಚಹಾದ ಕಪ್ಪನ್ನು ಕಟ್ಟೆಯ ಮೇಲೆ ಇಟ್ಟು ಬೀದಿಗೆ ಬಂದುಬಿಟ್ಟೆ.

"ಯಾಕ್ರಿ, ಸುಣ್ಣಾ ಕಂಡು ಓಡಿ ಹೊಂಟ್ರಿ?" ಎಂದು ಅತ್ತಿಗೆ ನಕ್ಕರು. ನಾನೂ ನಕ್ಕೆ. ಆದರೆ ಖರೆ ಹೇಳಬೇಕೆಂದರೆ ನನಗೆ ಹೆದರಿಕೆಯಾಗಿತ್ತು. ಆ ವಾಸನೆ ಬಂದಾಗಲೆಲ್ಲ ಹುಕ್ಕೇರಿ ತಾಲೂಕಿನ ಆ ಊರಲ್ಲಿ ನಾನು ಕಳೆದ ಒಂದು ವರ್ಷ ಕಣ್ಣ ಮುಂದೆ ಬಂದು ನಿಲ್ಲುತ್ತದೆ.

ನಾನು ದನದ ದವಾಖಾನೆಯಲ್ಲಿ ಕೆಲಸ ಮಾಡಿದವನು. ಡಾಕ್ಟರ್ ಅಲ್ಲ, ಡಾಕ್ಟರರ ಕೈಕೆಳಗಿನವನು. ಲಸಿಕೆ ಹಾಕುವುದು, ಗಾಯ ತೊಳೆಯುವುದು, ಹೆರಿಗೆಯಲ್ಲಿ ಕರು ಅಡ್ಡ ಬಂದರೆ ಅಂಗಿಯ ತೋಳು ಮಡಚಿ ನಿಲ್ಲುವುದು ನನ್ನ ಕೆಲಸ. ಊರವರು ಡಾಕ್ಟರ್ ಎಂದೇ ಕರೆಯುತ್ತಿದ್ದರು, ನಾನೂ ಸುಖವಾಗಿ ಓಗೊಡುತ್ತಿದ್ದೆ. ಬೆಲ್ಲದ ಬಾಗೇವಾಡಿಯಿಂದ ಘಟಪ್ರಭೆಯ ಕಡೆಗೆ ಹೋಗುವ ಸೀಮೆಯಲ್ಲಿ ಆ ಊರು. ಹೆಸರು ಬರೆಯುವುದಿಲ್ಲ. ಅಲ್ಲಿ ಈಗಲೂ ಪ್ಲಾಟುಗಳು ಮಾರಾಟಕ್ಕಿವೆ, ಕೊಂಡವರು ಮನೆ ಕಟ್ಟಿಕೊಂಡು ಇದ್ದಾರೆ. ಇದನ್ನು ಓದಿದರೆ ಅವರಿಗೆ ನಿದ್ದೆ ಬರಲಿಕ್ಕಿಲ್ಲ.

ಮುಂಗಾರಿನ ಮಿರಗದ ಮಳೆಗೆ ಮುಂಚೆ ನಾನು ಅಲ್ಲಿಗೆ ಹೋದೆ. ನನಗಿಂತ ಮೊದಲು ಅಲ್ಲಿದ್ದವರು ಚಾರ್ಜು ಕೊಡುವಾಗ ಒಂದೇ ಮಾತು ಒತ್ತಿ ಹೇಳಿದ್ದರು: "ಬ್ಯಾರೆ ಏನರ ತಪ್ಪಿಸ್ರಿ, ಈ ಊರಿಗೆ ನೆರಡಿ ಲಸಿಕಿ ಮಾತ್ರ ತಪ್ಪಸಬ್ಯಾಡ್ರಿ." ನೆರಡಿ ಎಂದರೆ ದನದ ಬೇನೆಗಳಲ್ಲಿ ದೊಡ್ಡ ಯಮ, ಇಂಗ್ಲಿಷಿನವರ ಅಂಥ್ರಾಕ್ಸ್. ಸಂಜೆ ಮೇದು ಬಂದ ಎಮ್ಮೆ ಬೆಳಗ್ಗೆ ಹೊಟ್ಟೆ ಉಬ್ಬಿಸಿಕೊಂಡು ಬಿದ್ದಿರುತ್ತದೆ. ಮೂಗಿನಿಂದ ಕಪ್ಪು ರಕ್ತ ಸೋರುತ್ತದೆ, ಅದು ಹೆಪ್ಪುಗಟ್ಟುವುದೇ ಇಲ್ಲ. ಮುಟ್ಟಿದ ಮನುಷ್ಯನಿಗೂ ಬರುತ್ತದೆ. ಎಲ್ಲಕ್ಕಿಂತ ಕೆಟ್ಟದ್ದೆಂದರೆ ಸತ್ತ ದನವನ್ನು ಹೂಳಿದ ಮೇಲೂ ಆ ಬೇನೆ ಸಾಯುವುದಿಲ್ಲ. ಮಣ್ಣಲ್ಲಿ ಮಲಗಿರುತ್ತದೆ. ಒಂದು ತಲೆಮಾರು ಕಳೆದು ಯಾರೋ ಗುದ್ದಲಿ ಹಾಕಿದರೆ ಎದ್ದು ಕೂರಬಲ್ಲದು.

ಬಾಳಪ್ಪ ಕಾಕಾನ ಮನೆಯಲ್ಲಿ ನನಗೆ ಬಾಡಿಗೆಗೆ ಒಂದು ಕೋಣೆ ಸಿಕ್ಕಿತು. ಕಾಕಾ ಅರವತ್ತು ದಾಟಿದವರು, ಗಟ್ಟಿ ಆಳು, ಹಣೆಗೆ ವಿಭೂತಿ ಇಲ್ಲದೆ ರೊಟ್ಟಿ ಮುರಿದವರಲ್ಲ. ಹೆಂಡತಿ ತೀರಿಕೊಂಡಿದ್ದರು. ಒಬ್ಬಳೇ ಮಗಳು ರೇಣುಕಾ, ಆಕೆಯ ಗಂಡ ನಿಡಸೋಸಿಯ ಕಡೆ ಕೆಲಸದಲ್ಲಿದ್ದ. ಕಾಕಾನ ಹೊಲ ಊರಿಗೆ ಹೊಂದಿಕೊಂಡೇ ಇತ್ತು. ಕಪ್ಪು ಎರೆಮಣ್ಣಿನ ಹೊಲ, ಕಾಲಿಟ್ಟರೆ ಚಪ್ಪಲಿ ಬಿಡದ ಮಣ್ಣು. ಅದರ ಎತ್ತರದ ಮೂಲೆಯಲ್ಲಿ ಒಂದು ಬೇವಿನ ಮರ, ಮರದಿಂದ ಸ್ವಲ್ಪ ಆಚೆಗೆ ಆಳೆತ್ತರದ ಕಲ್ಲು. ಕಲ್ಲಿಗೆ ಮೈತುಂಬ ಸುಣ್ಣ ಬಳಿದು, ಮೇಲೆ ಅರಿಷಿಣ ಕುಂಕುಮ ಇಟ್ಟಿದ್ದರು. ಸುತ್ತ ಜಾಲಿಮುಳ್ಳಿನ ಬೇಲಿ. ಬೇಲಿಯೊಳಗೆ ಹುಲ್ಲು ಎದೆಮಟ್ಟ ಬೆಳೆದಿತ್ತು.

"ಏನ್ ಕಾಕಾ, ಮೇವಿಗೆ ಇಷ್ಟು ಬಡದಾಡತೀರಿ, ಇಲ್ಲಿ ಹುಲ್ಲು ಹಂಗ ಬಿಟ್ಟೀರಿ?" ಎಂದೆ.

"ಅದು ಸುಣ್ಣವ್ವನ ಜಾಗಾರಿ. ಅಲ್ಲಿ ಹುಲ್ಲು ಕೊಯ್ಯೂ ಹಂಗಿಲ್ಲ, ಗುದ್ದಲಿ ಹಾಕೂ ಹಂಗಿಲ್ಲ. ದನಾ ಕಾಲಿಟ್ರ ಮುಗೀತು."

ಆಮೇಲೆ ಕತೆ ಹೇಳಿದರು. ಕಾಕಾ ಚಿಕ್ಕವರಿದ್ದಾಗ ಒಂದು ಬೇಸಿಗೆಯಲ್ಲಿ ಊರ ದನ ಸಾಲಾಗಿ ಬಿದ್ದವಂತೆ. ಎತ್ತು, ಎಮ್ಮೆ ಯಾವುದೂ ಉಳಿಯಲಿಲ್ಲ. ಒಂದನ್ನು ಸುಲಿದ ಇಬ್ಬರು ಮನುಷ್ಯರೂ ಹೋದರಂತೆ. ಸರಕಾರದ ಡಾಕ್ಟರರೊಬ್ಬರು ಬಂದು ಈ ಮೂಲೆಯಲ್ಲಿ ದೊಡ್ಡ ತಗ್ಗು ತೋಡಿಸಿ, ದನಗಳನ್ನು ಕೆಡವಿ, ಗಾಡಿಗಟ್ಟಲೆ ಸುಣ್ಣ ಸುರಿಸಿ ಮುಚ್ಚಿಸಿದರು. ಯಾರೂ ಇಲ್ಲಿ ಅಗೆಯಬಾರದು, ಮೇಯಿಸಬಾರದು ಎಂದು ಗುರುತಿಗೆ ಕಲ್ಲು ನಿಲ್ಲಿಸಿ ಹೋದರು. ಗುರುತು ಮಾಸಬಾರದೆಂದು ಊರವರು ವರ್ಷಕ್ಕೊಮ್ಮೆ ಅದಕ್ಕೂ ಸುಣ್ಣ ಬಳಿದರು. ಬಳಿಯುವ ಹೆಂಗಸರು ಬರಿಗೈಯಲ್ಲಿ ಹೋಗುವುದು ಸರಿಯಲ್ಲವೆಂದು ಕುಂಕುಮ ಒಯ್ದರು. ಕುಂಕುಮ ಬಂದ ಮೇಲೆ ಕಾಯಿ ಬಂತು, ಕಾಯಿ ಬಂದ ಮೇಲೆ ಹೆಸರು ಬಂತು. ಡಾಕ್ಟರರ ಮಾತು ಮರೆತುಹೋಗಿ, ಅವ್ವನ ಮಡಿಲು ಕೆದಕಬಾರದು ಎಂಬ ಮಾತು ಉಳಿಯಿತು.

ನಾನು ಮೊದಲು ನಕ್ಕೆ, ಆಮೇಲೆ ಮನಸ್ಸಿನಲ್ಲೇ ಕೈಮುಗಿದೆ. ಸರಕಾರದ ಬೋರ್ಡು ನೆಟ್ಟಿದ್ದರೆ ಎರಡು ಮಳೆಗಾಲಕ್ಕೆ ತುಕ್ಕು ಹಿಡಿದು ಗುಜರಿಗೆ ಹೋಗುತ್ತಿತ್ತು. ದೇವರಾದ ಕಲ್ಲು ಅಷ್ಟು ವರ್ಷ ಕಾವಲು ನಿಂತಿತ್ತು. ಕೊರಳಲ್ಲಿ ಲಿಂಗವಿರುವ ಕಾಕಾ ಕೂಡ ಅಮಾವಾಸ್ಯೆಗೆ ಬೇಲಿಯ ಹೊರಗಿನಿಂದಲೇ ಎಣ್ಣೆ ಚಿಮುಕಿಸಿ ಬರುತ್ತಿದ್ದರು.

ಶ್ರಾವಣದ ಹೊತ್ತಿಗೆ ಗಾಳಿ ಬದಲಾಯಿತು. ಸಾಂಬ್ರಾ ವಿಮಾನ ನಿಲ್ದಾಣ ದೊಡ್ಡದಾಗುತ್ತದೆ, ವಿಮಾನಗಳು ಹೆಚ್ಚಾಗುತ್ತವೆ ಎಂಬ ಮಾತು ಬೆಳಗಾವಿಯಲ್ಲಿ ಹುಟ್ಟಿತು. ಅದು ನಮ್ಮ ಊರಿಗೆ ಬಂದು ಮುಟ್ಟುವಷ್ಟರಲ್ಲಿ ದೊಡ್ಡ ರಸ್ತೆಯಾಗಿತ್ತು. ಆ ರಸ್ತೆ ಯಾವ ಕಾಗದದಲ್ಲಿತ್ತೋ ಕಂಡವರಿಲ್ಲ, ಆದರೆ ಚಹಾದ ಅಂಗಡಿಯಲ್ಲಿ ದಿನಾ ಅಗಲವಾಗುತ್ತಿತ್ತು. ಒಂದು ಬೆಳಗ್ಗೆ ಶಾಲೆಯ ಎದುರಿನ ಗೋಡೆಗೆ ನೀಲಿ ಬಣ್ಣದಲ್ಲಿ ವಿಮಾನದ ಚಿತ್ರ ಬಂತು, ಕೆಳಗೆ "ಏರ್‌ಪೋರ್ಟಿಗೆ ಕೆಲವೇ ನಿಮಿಷ" ಎಂಬ ಬರಹ. ಬಸ್ಸಿಗೆ ಹೋದರೆ ಬೆಳಗಾವಿ ಮುಟ್ಟಲು ಅರ್ಧ ಹೊತ್ತು ಬೇಕಾಗುವ ಊರು ಅದು. ವಿಮಾನ ಹತ್ತಿದವರು ಒಬ್ಬರೂ ಇರಲಿಲ್ಲ, ಆದರೆ ಎಲ್ಲರೂ ನಿಮಿಷದ ಲೆಕ್ಕದಲ್ಲಿ ಮಾತಾಡತೊಡಗಿದರು. ಎಕರೆ, ಗುಂಟೆ ಅನ್ನುತ್ತಿದ್ದ ಬಾಯಲ್ಲಿ ಸ್ಕ್ವೇರ್ ಫೂಟ್ ಬಂತು. ಮೋಟರ್ ಸೈಕಲ್ ಇದ್ದ ಹುಡುಗರೆಲ್ಲ ಏಜೆಂಟರಾದರು.

ನನಗೆ ಅದು ಗೊತ್ತಾದದ್ದು ಬೇರೆ ರೀತಿಯಲ್ಲಿ. ಲಸಿಕೆಯ ಪೆಟ್ಟಿಗೆ ಹಿಡಿದು ಹೊರಟರೆ ಅರ್ಧ ಬಾಟಲಿ ಹಾಗೇ ವಾಪಸು ಬರುತ್ತಿತ್ತು. ಹೊಲ ಹೋದ ಮೇಲೆ ಮೇವು ಎಲ್ಲಿ, ಮೇವು ಇಲ್ಲದ ಮೇಲೆ ದನ ಯಾಕೆ ಎಂದು ಒಬ್ಬೊಬ್ಬರಾಗಿ ಸಂತೆಗೆ ಹೊಡೆದಿದ್ದರು. ಮುಂಜಾನೆ ಓಣಿಗಳಲ್ಲಿ ಸಗಣಿಯ ವಾಸನೆಯಿಲ್ಲ, ಕರುವಿನ ಕೂಗಿಲ್ಲ. ಉಳಿದ ದನಗಳಿಗೂ ಲಸಿಕೆ ಬೇಡವೆನ್ನತೊಡಗಿದರು. "ಇನ್ನ ಯಾಡ್ ತಿಂಗ್ಳಿಗೆ ಮಾರಾವ್ರಿ, ಸುಮ್ನ ಯಾಕ ಚುಚ್ಚತೀರಿ?" ಎನ್ನುವರು.

ಬಾಳಪ್ಪ ಕಾಕಾನ ಹೊಲ ಕೇಳಲು ಬಂದವನು ಶಿವಾನಂದ. ಮೊದಲು ದನದ ಸಂತೆಯಲ್ಲಿ ದಲ್ಲಾಳಿಯಾಗಿದ್ದವನು, ನನಗೆ ಹಳೆಯ ಪರಿಚಯ. ನಗುಮುಖ, ಎಲೆಅಡಿಕೆಯ ಬಾಯಿ, ಕೆಟ್ಟ ಮನುಷ್ಯ ಎಂದು ಹೇಳಲು ನನಗೆ ಇವತ್ತಿಗೂ ಬಾಯಿ ಬರುವುದಿಲ್ಲ. ಗೋಕಾಕದ ಕರದಂಟಿನ ಡಬ್ಬಿ ಹಿಡಿದು ಬಂದು ಪಡಸಾಲೆಯಲ್ಲಿ ಕೂತ. ಅವನ ಕರಾರು ಇಷ್ಟು: ಹೊಲ ಪೂರ್ತಿ ಕೊಡುವುದು, ರೊಕ್ಕದ ಜೊತೆಗೆ ಕಾಕಾನಿಗೆ ಒಂದು ಒಳ್ಳೆಯ ಪ್ಲಾಟು, ಅದರಲ್ಲಿ ಮಗಳಿಗೆ ಮನೆ. ಕಾಕಾನಿಗೆ ಆಸೆಯಾದದ್ದು ರೊಕ್ಕಕ್ಕಲ್ಲ, ಮಗಳು ಕಣ್ಣೆದುರಿಗೆ ಇರುತ್ತಾಳೆ ಎಂಬುದಕ್ಕೆ.

"ಅವ್ವಂದ್ ಏನ್ ಮಾಡೂದೋ?" ಎಂದು ಕಾಕಾ ಕೇಳಿದರು.

ಶಿವಾನಂದ ಎದೆ ಮುಟ್ಟಿಕೊಂಡ. "ಅವ್ವನ್ನ ನಾ ಬಿಡತೇನಿ ಏನ್ರಿ? ಲೇಔಟಿನ ಬಾಗಿಲದಾಗ ಮಾರ್ಬಲ್ ಗುಡಿ ಕಟ್ಟಸತೇನಿ. ಮುಳ್ಳಾಗ ಕುಂತಾಕಿ ಫರಸಿ ಮ್ಯಾಲ ಕುಂದ್ರತಾಳ. ಅಕಿನ್ನ ಕೇಳೂನು, ಅಕಿ ಒಪ್ಪಿದ್ರ ಮುಂದ."

ಅವನು ನಂಬಿಕೆಯಿಂದಲೇ ಹೇಳಿದ್ದ. ನಮ್ಮ ಕಡೆಯವರು ದೇವರ ಜಾಗವನ್ನು ನುಂಗುವ ಪೈಕಿ ಅಲ್ಲ. ದೇವರನ್ನು ಮೆರವಣಿಗೆಯಲ್ಲಿ ಒಯ್ದು ಬೇರೆ ಕಡೆ ಕೂರಿಸಿ, ಆಮೇಲೆ ಜಾಗ ತೆಗೆದುಕೊಳ್ಳುತ್ತಾರೆ.

ನಾನು ನಡುವೆ ಬಾಯಿ ಹಾಕಿದೆ. "ಕಾಕಾ, ಕಲ್ಲು ಎತ್ತಬಹುದ್ರಿ, ಕೆಳಗಿಂದು ಎತ್ತಾಕ ಬರೂದಿಲ್ಲ. ನಿಮ್ಮ ಡಾಕ್ಟರ್ ಆ ಕಲ್ಲು ಇಟ್ಟದ್ದು ಪೂಜಾಕ್ಕಲ್ಲ."

"ಗೊತ್ತೈತ್ರಿ" ಎಂದರು ಕಾಕಾ. "ಆದ್ರ ಇಷ್ಟ ವರ್ಷ ಕಾಡಿದ್ದು ಯಾರು? ಅವ್ವನ ಸಿಟ್ಟು. ಅಕಿ ಎದ್ದು ಹೋದ್ರ ಅಕಿ ಸಿಟ್ಟೂ ಅಕಿ ಸಂಗಾಟ ಹೋಗ್ತೈತಿ."

ಯಾವ ನಂಬಿಕೆಯನ್ನು ನಾನು ಮಳೆಗಾಲದಲ್ಲಿ ಮೆಚ್ಚಿಕೊಂಡಿದ್ದೆನೋ, ಅದೇ ದಸರೆಯ ಹೊತ್ತಿಗೆ ನನ್ನ ಬಾಯಿ ಮುಚ್ಚಿಸಿತು.

ದಸರೆಯ ನಂತರ ಒಂದು ಮಂಗಳವಾರ ಅವ್ವನನ್ನು ಕೇಳಿದರು. ಕಲ್ಲಿನ ನೆತ್ತಿಯ ಮೇಲೆ ಹೂವಿಟ್ಟು ಎಲ್ಲರೂ ಉಸಿರು ಬಿಗಿಹಿಡಿದು ನಿಂತರು. ಹೂವು ಎಡಕ್ಕೆ ಬಿತ್ತು. ಪೂಜಾರಿ, ಗಾಳಿ ಬೀಸಿತು ಎಂದ. ನನಗೇನೂ ಗಾಳಿ ತಾಗಲಿಲ್ಲ. ಮತ್ತೊಮ್ಮೆ ಇಟ್ಟರು, ಬಲಕ್ಕೆ ಬಿತ್ತು. ಹೆಂಗಸರು ಕಣ್ಣೊರೆಸಿಕೊಂಡರು, ಡೊಳ್ಳು ಶುರುವಾಯಿತು. ಜೆಸಿಬಿಗೆ ಮಾವಿನೆಲೆ ಕಟ್ಟಿ, ಅದರ ಬಾಯಲ್ಲಿ ಅವ್ವನನ್ನು ಕೂರಿಸಿ, ಮೆಲ್ಲಗೆ ಲೇಔಟಿನ ಬಾಗಿಲಿಗೆ ಒಯ್ದರು. ಅವತ್ತಿನ ಊಟಕ್ಕೆ ಹೋಳಿಗೆ. ನಾನು ಎಲೆಯ ಮುಂದೆ ಕೂತು, ಹೋಳಿಗೆ ಮುಟ್ಟದೆ ಎದ್ದೆ.

ಅವತ್ತೇ ಬೇಲಿ ಸುಟ್ಟರು. ಮಾರನೆಯ ದಿನ ಬೇವಿನ ಮರ ಉರುಳಿತು. ಎತ್ತರದ ಮೂಲೆಯನ್ನು ಜೆಸಿಬಿ ಕೆತ್ತಿ ಕೆತ್ತಿ ಹೊಲದ ಇಳಿಜಾರಿಗೆ ತುಂಬಿತು, ಬದುಗಳನ್ನು ಅಳಿಸಿತು. ವಾರ ಕಳೆಯುವಷ್ಟರಲ್ಲಿ ಹೊಲ ಹಪ್ಪಳದ ಹಾಗೆ ಸಪಾಟಾಗಿ ಬಿದ್ದಿತ್ತು, ಮೇಲೆ ಬಿಳಿ ಕಲ್ಲುಗಳ ಸಾಲು. ಲೇಔಟಿಗೆ ಗಗನ ನಗರ ಎಂದು ಹೆಸರು ಬರೆದರು.

ಆಗ ಊರ ಹಿರಿಯರಿಗೆ ಒಳಗೊಳಗೇ ಅಳುಕು ಶುರುವಾಯಿತು. ಒಂದು ಸಂಜೆ ಕಾಕಾ ಇನ್ನಿಬ್ಬರು ಮುದುಕರನ್ನು ಕರೆದುಕೊಂಡು ಅಲ್ಲಿ ನಿಂತಿದ್ದರು, ನಾನೂ ಹೋದೆ. ದನ ಹೂಳಿದ ತಗ್ಗು ಎಲ್ಲಿತ್ತು ಎಂದು ತೋರಿಸಬೇಕಾಗಿತ್ತು. ಒಬ್ಬರು, ಇಲ್ಲೇ, ಬೇವಿನ ಗಿಡದ ಬಾಜೂಕ, ಎಂದರು. ಗಿಡ ಎಲ್ಲಿತ್ತು ಎಂದು ಕೇಳಿದರೆ ಇನ್ನೊಬ್ಬರು ಬೇರೆ ಕಡೆ ಬೆರಳು ಮಾಡಿದರು. ಕಾಕಾ ಮೂರನೆಯ ಕಡೆ. ಮೂವರೂ ಹುಟ್ಟಿದಂದಿನಿಂದ ಆ ಮೂಲೆಯನ್ನು ಕಂಡವರು. ಮೂರು ಬೆರಳು ಮೂರು ದಿಕ್ಕಿಗೆ ಚಾಚಿದ್ದವು. ಮುದುಕರು ಬೈದಾಡಿಕೊಂಡು ಮನೆಗೆ ಹೋದರು.

ನಾನು ಮೇಲಿನವರಿಗೆ ಹೇಳಿದೆ. ಅವರು ಬಂದರು, ಸುಮ್ಮನೆ ಕೂರಲಿಲ್ಲ. ಜಾಗ ತೋರಿಸು ಎಂದರು, ನನಗೆ ತಿಳಿದಷ್ಟು ತೋರಿಸಿದೆ. ಅಲ್ಲಿನ ಮಣ್ಣು ತೆಗೆದು ಪರೀಕ್ಷೆಗೆ ಕಳಿಸಿದರು. ಏನೂ ಸಿಗಲಿಲ್ಲ ಎಂದು ತಿಳಿಸಿದರು. ತಪ್ಪು ಅವರದಲ್ಲ, ಅವ್ವ ಇಲ್ಲದ ಮೇಲೆ ಯಾವ ಜಾಗ ಯಾವುದೆಂದು ಯಾರಿಗೆ ಗೊತ್ತು? ಆದರೆ ಶಿವಾನಂದನಿಗೆ ಅಷ್ಟೇ ಸಾಕಾಯಿತು. "ಲ್ಯಾಬಿನಾಗ ಪಾಸಾದ ಮಣ್ಣು" ಎಂದು ಗಿರಾಕಿಗಳ ಎದುರು ಹೇಳತೊಡಗಿದ.

ಕಬ್ಬು ಕಡಿಯುವ ಹಂಗಾಮಿನ ಕೊನೆಗೆ ರೇಣುಕಾ ಬಾಣಂತನಕ್ಕೆ ಬಂದಳು, ಏಳು ತಿಂಗಳ ಬಸುರಿ. ಕೂಸು ಹುಟ್ಟುವ ಮೊದಲು ಮನೆಗೆ ಪಾಯ ಹಾಕಬೇಕೆಂದು ಕಾಕಾನಿಗೆ ಆತುರ. ಪ್ಲಾಟನ್ನು ಅವರೇ ಆರಿಸಿಕೊಂಡಿದ್ದರು. ತಮ್ಮ ಬೆರಳು ತೋರಿಸಿದ ಕಡೆಯಿಂದ ಸಾಕಷ್ಟು ದೂರ ಹಿಡಿದು ಆರಿಸಿದ್ದರು. ಬೆಳಗಿನ ಹೊತ್ತು, ಬಿಸಿಲು ಇನ್ನೂ ಎಳೆಯದು. ಆಳುಗಳು ಪಾಯಕ್ಕೆ ಮೂಲೆ ಅಗೆಯುತ್ತಿದ್ದರು. ಪೂಜೆಗೆ ರೇಣುಕಾ ತಟ್ಟೆ ಹಿಡಿದು ತಗ್ಗಿನ ಅಂಚಿಗೆ ಬಂದಳು. ದೂರದಲ್ಲಿ ಒಂದು ವಿಮಾನ ಸಾಂಬ್ರಾದ ಕಡೆಗೆ ಇಳಿಯುತ್ತಿತ್ತು, ಆಳುಗಳು ಕೈ ಅಡ್ಡ ಹಿಡಿದು ನೋಡಿದರು. ಮತ್ತೆ ಗುದ್ದಲಿ ಬಿತ್ತು. ಕಪ್ಪು ಮಣ್ಣಿನ ನಡುವೆ ಬೆಳ್ಳಗೆ ಒಂದು ಪಟ್ಟಿ ಕಾಣಿಸಿತು.

"ಇದೇನ್ರಿ, ಸುಣ್ಣಾ?" ಎಂದ ಆಳು. ಅದರ ಜೊತೆಗೇ ಒಂದು ಕೋಡು ಹೊರಳಿ ಬಂತು.

ನಾನು ಕೂಗಿದೆನೋ ಇಲ್ಲವೋ ನೆನಪಿಲ್ಲ. ಕಾಕಾ ಮಗಳ ತೋಳು ಹಿಡಿದು ಜಗ್ಗಿದ ರಭಸಕ್ಕೆ ಆರತಿಯ ತಟ್ಟೆ ಹಾರಿ ತಗ್ಗಿಗೆ ಬಿತ್ತು. ಆಳುಗಳನ್ನು ಮೇಲಕ್ಕೆ ಎಬ್ಬಿಸಿ ಕೈಕಾಲು ತೊಳೆಸಿ, ದವಾಖಾನೆಗೆ ಕರೆದೊಯ್ದು ತೋರಿಸಿದೆ. ದೇವರ ದಯೆ, ಅವರಿಗೆ ಏನೂ ಆಗಲಿಲ್ಲ. ನಾನು ತಿರುಗಿ ಬರುವಷ್ಟರಲ್ಲಿ ಕಾಕಾ ಟ್ರ್ಯಾಕ್ಟರ್ ತರಿಸಿ ತಗ್ಗು ಮುಚ್ಚಿಸಿ, ಮೇಲೆ ಕೆಮ್ಮಣ್ಣು ಹರವಿದ್ದರು. ನೋಡಿದರೆ ಅಲ್ಲಿ ಗುದ್ದಲಿ ಬಿದ್ದಿದೆ ಎಂದೇ ಅನಿಸುತ್ತಿರಲಿಲ್ಲ. ಮತ್ತೆ ಮೇಲಿನವರಿಗೆ ಹೇಳಿದೆ. ಒಮ್ಮೆ ಪರೀಕ್ಷೆಯಾಗಿದೆಯಲ್ಲ, ನಿನ್ನ ಬಿಟ್ಟು ಕಂಡ ಸಾಕ್ಷಿ ಯಾರಿದ್ದಾರೆ ಎಂದು ಕೇಳಿದರು. ಊರಲ್ಲಿ ಒಬ್ಬನೂ ಬಾಯಿ ಬಿಡಲಿಲ್ಲ. ಎಲ್ಲರದೂ ಒಂದೊಂದು ಹೊಲ ಮಾರಾಟದಲ್ಲಿತ್ತು.

ಕೆಲವು ದಿನಗಳ ಮೇಲೆ ಆ ಪ್ಲಾಟು ಮಾರಲು ಕಾಕಾ ಶಿವಾನಂದನಿಗೆ ಹೇಳಿದ್ದಾರೆಂದು ತಿಳಿಯಿತು. ನನಗೆ ತಡೆಯಲಾಗಲಿಲ್ಲ. ಕಾಕಾ ಅಂಗಳದಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದರು, ಕಟ್ಟಲು ದನವೇ ಇಲ್ಲದ ಮನೆಯಲ್ಲಿ.

"ಕಾಕಾ, ಆ ಜಾಗಾ ಮಾರಬ್ಯಾಡ್ರಿ. ಹಂಗ ಬಿಡ್ರಿ, ಸುತ್ತ ಗ್ವಾಡಿ ಕಟ್ರಿ."

"ಗ್ವಾಡಿ ಕಟ್ಟಿದ್ರ ಯಾಕಂತ ಕೇಳ್ತಾರ. ಕೇಳಿದ್ರ ಊರಾಗಿನ ಒಂದು ಪ್ಲಾಟೂ ಹೋಗೂದಿಲ್ಲ. ಮಂದಿ ನನ್ನ ಸುಮ್ನ ಬಿಡ್ತಾರೇನ್ರಿ?"

"ಹಂಗಂತ ಮತ್ತೊಬ್ಬರ ಕೊರಳಿಗೆ ಕಟ್ಟತೀರೇನು?"

"ಮತ್ತ ನನ್ನ ಮಗಳ್ನ ಇಡ್ಲೇನ್ರಿ ಅದರಾಗ?"

"ಕೊಳ್ಳಾವ್ರ ಮನ್ಯಾಗ ಮಗಳು ಇರೂದಿಲ್ಲೇನು ಕಾಕಾ?"

ಅವರು ಹೊಸೆಯುತ್ತಿದ್ದ ಹಗ್ಗ ಕೈಯಲ್ಲಿ ಬಿಚ್ಚಿಕೊಂಡಿತು. ಕಣ್ಣಲ್ಲಿ ನೀರು ಬಂದಿತ್ತು, ನಾನು ಕಂಡೆ. ಅಂಥ ಮನುಷ್ಯನ ಮೇಲೆ ನನಗೆ ಅವತ್ತು ಬಂದ ಸಿಟ್ಟು ಇನ್ನೂ ಆರಿಲ್ಲ, ಅವರ ಮೇಲಿನ ಮರುಕವೂ ಆರಿಲ್ಲ.

ಯುಗಾದಿಗೆ ಮುಂಚೆ ನನಗೆ ವರ್ಗವಾಯಿತು. ಮತ್ತೆ ಆ ಊರಿಗೆ ಕಾಲಿಟ್ಟಿಲ್ಲ. ಆ ಕಡೆಯವರು ಬಸ್ಸಿನಲ್ಲಿ ಸಿಕ್ಕರೆ ದನಕರು ಹೇಗಿವೆ ಎಂದು ಕೇಳುತ್ತೇನೆ, ಅವರು ಈಗೆಲ್ಲಿಯ ದನ ಎಂದು ನಗುತ್ತಾರೆ. ಹೊರಡುವ ಹಿಂದಿನ ದಿನ ಏನಾಯಿತು ಎಂಬುದನ್ನು ನಾನು ಮನೆಯಲ್ಲಿಯೂ ಹೇಳಿರಲಿಲ್ಲ.

ಅವತ್ತು ಪ್ಲಾಟು ನೋಡಲು ಗೋಕಾಕದ ಕಡೆಯಿಂದ ಗಂಡ ಹೆಂಡತಿ ಬಂದಿದ್ದರು. ಗಂಡ ಮಿಲಿಟರಿಯಿಂದ ನಿವೃತ್ತರಾದ ಸುಬೇದಾರರು, ನೆಟ್ಟಗೆ ನಿಲ್ಲುವ, ಕಡಿಮೆ ಮಾತಿನ ಮನುಷ್ಯ. ಮಗನೂ ಫೌಜಿನಲ್ಲಿದ್ದ. ರಜೆಗೆ ಬರುವವನು ವಿಮಾನದಲ್ಲಿ ಇಳಿದು ಹಗಲಲ್ಲೇ ಮನೆ ಮುಟ್ಟಲಿ ಎಂಬುದೇ ಅವರು ಇಲ್ಲಿ ಜಾಗ ಹುಡುಕಲು ಕಾರಣ. ಹೆಂಡತಿ ನಡುವಯಸ್ಸಿನ ಹೆಂಗಸು, ಕಪ್ಪು ನೆಲ ಕಂಡು ಸಂತೋಷಪಟ್ಟಿದ್ದರು. "ಹಿಂದ ಒಂದ್ ಆಕಳ ಕಟ್ಟೂನ್ರಿ, ಮಗ ಬಂದಾಗ ಮನಿ ಹಾಲು ಕುಡೀಲಿ" ಎನ್ನುತ್ತಿದ್ದರು. ಶಿವಾನಂದ ಹೌದೌದು ಎಂದು ತಲೆಯಾಡಿಸುತ್ತಿದ್ದ. ಕಾಕಾ ದೂರ ನಿಂತಿದ್ದರು.

ನಾನು ನೇರ ಹೋಗಿ ಹೇಳಿಬಿಟ್ಟೆ. "ಸಾಹೇಬ್ರ, ನಾ ಇಲ್ಲಿ ದನದ ದವಾಖಾನಿಯಾಂವ. ಈ ಜಾಗಾ ತಗೋಬ್ಯಾಡ್ರಿ. ಇದರ ಕೆಳಗ ನೆರಡಿ ಬ್ಯಾನ್ಯಾಗ ಸತ್ತ ದನಾ ಹುಗದಾರ. ಅಗದ್ರ ಮಂದೀಗೂ ಛಲೋದಲ್ಲ."

ಶಿವಾನಂದನ ನಗು ಮಾಯವಾಗಲಿಲ್ಲ. "ಇವ್ರಿಗೆ ಬ್ಯಾರೆ ಲೇಔಟಿನವ್ರು ಕಮಿಷನ್ ಕೊಟ್ಟಾರ್ರಿ ಸಾಹೇಬ್ರ. ಈ ಮಣ್ಣು ಲ್ಯಾಬಿನಾಗ ಪಾಸಾಗೇತಿ, ಬೇಕಾದ್ರ ಕೇಳ್ರಿ."

ಸುಬೇದಾರರು ಇಬ್ಬರ ಮುಖವನ್ನೂ ನೋಡಿದರು. ಆಮೇಲೆ ಕಾಕಾನ ಕಡೆ ನಡೆದರು.

"ಕಾಕಾರ, ಹೊಲಾ ನಿಮ್ದು. ಹಿರ್ಯಾರದೀರಿ, ಕೊಳ್ಳಾಗ ಲಿಂಗ ಐತಿ. ನಮಗ ಅವ್ರ ಮಾತೂ ಬ್ಯಾಡ, ಇವ್ರ ಮಾತೂ ಬ್ಯಾಡ. ನೀವ್ ಹೇಳ್ರಿ, ಇಲ್ಲಿ ಏನರ ಇತ್ತೇನು?"

ಕಾಕಾ ನನ್ನನ್ನು ನೋಡಲಿಲ್ಲ. ತುಂಬಿದ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ರೇಣುಕಾ ಹೊಸ ಗುಡಿಯ ಕಟ್ಟೆಯಲ್ಲಿ ಕೂತಿದ್ದಳು, ಆ ಕಡೆ ಒಮ್ಮೆ ನೋಡಿದರು.

"ಅಂಥಾದ್ದೇನೂ ಇಲ್ರಿ" ಎಂದರು. "ಇಲ್ಲೆ ಒಂದು ದೇವರಿತ್ತು, ಅಷ್ಟ."

ಸುಬೇದಾರರ ಹೆಂಡತಿಯ ಮುಖ ಅರಳಿತು. "ದೇವ್ರಿದ್ದ ಜಾಗಾ ಏನ್ರಿ? ಅಯ್ಯ, ಮೊದಲ ಹೇಳಬಾರ್ದ?" ಎನ್ನುತ್ತ ಚಪ್ಪಲಿ ಕಳಚಿ ಬದಿಗಿಟ್ಟರು. ಸೆರಗು ತಲೆಯ ಮೇಲೆ ಎಳೆದುಕೊಂಡು ಬಾಗಿದರು. ಕೆಮ್ಮಣ್ಣನ್ನು ಬೆರಳಿನಿಂದ ಸರಿಸಿ, ಕೆಳಗಿನ ಕಪ್ಪು ಮಣ್ಣನ್ನು ಚಿಟಿಕೆಯಷ್ಟು ತೆಗೆದರು. ಅದನ್ನು ಕಣ್ಣಿಗೊತ್ತಿಕೊಂಡು ಹಣೆಗೆ ಹಚ್ಚಿಕೊಂಡರು. ಉಳಿದದ್ದನ್ನು ದೇವರ ಅರಿಷಿಣದ ಭಂಡಾರದ ಹಾಗೆ ಬಾಯಿಗೆ ಹಾಕಿಕೊಂಡರು. ನಾನು "ಬ್ಯಾಡ್ರಿ ಅವ್ವಾರ" ಎಂದು ಓಡಿಹೋಗುವಷ್ಟರಲ್ಲಿ ನುಂಗಿಯೂ ಆಗಿತ್ತು.